ಮಾಹಿತಿಗೂ ಮುಯ್ಯಿ ಇರಲಿ



ನಾಟಿಯ ಕಾಲದಲ್ಲಿ ನೀವು ನೆರೆಯವನ ಗದ್ದೆಗೆ ಆಳಾಗಿ ಹೋದರೆ, ನಿಮ್ಮ ನಾಟಿಯ ದಿನ ಅವನು ಬಂದೇ ಬರುತ್ತಾನೆ. ಇದು ಮುಯ್ಯಾಳಿನ ಪದ್ಧತಿ. ಕಾಗದ ಪತ್ರವಿಲ್ಲದಿದ್ದರೂ ಲೆಕ್ಕ ತಪ್ಪುವುದಿಲ್ಲ. ಆದರೆ ಇಲಾಖೆಯವರೋ ನಮ್ಮಂತಹ ವಿಜ್ಞಾನಿಗಳೋ ಬಂದು ಕೊಳವೆಬಾವಿಯ ಆಳ, ನೀರಿನ ಮಟ್ಟ, ಬೆಳೆ, ಇಳುವರಿ ಇವುಗಳನ್ನು ಬರೆದುಕೊಂಡು ಹೋದಾಗ ಆ ಮುಯ್ಯಿ ತೀರುವುದು ಅಪರೂಪ. ರೈತ ಸಂಘಗಳು ಈ ಬಗ್ಗೆ ಈಗಲೇ ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ನನ್ನದೇ ತಪ್ಪನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಊರಿನ ರೈತರು ನಮ್ಮ ಯೋಜನೆಗಾಗಿ ಎರಡು ವರ್ಷ ತಮ್ಮ ಬಾವಿಗಳ ನೀರಿನ ಮಟ್ಟವನ್ನು ಅಳೆದು ಕೊಟ್ಟರು. ಅವರವರ ಬಾವಿಯ ಅಳತೆ ಅವರವರಿಗೆ ಗೊತ್ತಿತ್ತು. ಇಡೀ ಊರಿನ ಅಂತರ್ಜಲ ಕುಸಿಯುತ್ತಿದೆ ಎಂಬುದು ಮಾತ್ರ ನಮ್ಮ ಇಂಗ್ಲಿಷ್ ವರದಿಯಲ್ಲಿ ಉಳಿಯಿತು. ಊರಿಗೆ ಒಂದು ಪ್ರತಿಯೂ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅದೇ ರೈತರು ಸಾಲ ಮಾಡಿ ಹೊಸ ಬಾವಿಗಳನ್ನು ಕೊರೆಸಿದರು, ಹಲವು ಬರಿದಾದವು. "ಅಳೆದವರು ನಾವು, ತಿಳಿದುಕೊಂಡವರು ನೀವು ಸ್ವಾಮಿ" ಎಂದು ಒಬ್ಬ ಹಿರಿಯರು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಹಾಗೆಂದು ಮಾಹಿತಿಯನ್ನೇ ಕೊಡಬೇಡಿ ಎನ್ನುವುದು ಸರಿಯಲ್ಲ. ನಮ್ಮದು ಬಹುಪಾಲು ಗಟ್ಟಿ ಬಂಡೆಯ ನೆಲ. ಬಂಡೆಯ ಬಿರುಕುಗಳಲ್ಲಿ ನಿಲ್ಲುವ ನೀರು ಅಕ್ಕಪಕ್ಕದ ಎರಡು ಬಾವಿಗಳಲ್ಲೂ ಒಂದೇ ಸಮನಾಗಿರುವುದಿಲ್ಲ. ಸರ್ಕಾರದ ಕೆಲವೇ ವೀಕ್ಷಣಾ ಬಾವಿಗಳಿಂದ ನಿಮ್ಮ ಊರಿನ ಸ್ಥಿತಿ ತಿಳಿಯದು. ವರ್ಷದ ಮರುಪೂರಣದಲ್ಲಿ ಬಳಸಬಹುದಾದ ನೀರಿನ ಪೈಕಿ ಶೇ. 70ರವರೆಗೆ ಎತ್ತಿದರೆ ಸುರಕ್ಷಿತ, ಶೇ. 100 ಮೀರಿದರೆ ಅತಿಬಳಕೆ ಎಂದು ಪ್ರದೇಶಗಳನ್ನು ವಿಂಗಡಿಸುವಾಗ ಸರಿಯಾದ ಅಂಕಿಅಂಶಗಳು ಅತ್ಯವಶ್ಯಕ.

ಮುಯ್ಯಿ ತೀರಿದ ಉದಾಹರಣೆಯೂ ಇದೆ. ಈ ಶತಮಾನದ ಮೊದಲ ದಶಕದಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ, ನಮ್ಮ ನೆರೆಯ ಅನಂತಪುರವೂ ಸೇರಿದಂತೆ ಅಂದಿನ ಆಂಧ್ರಪ್ರದೇಶದ 7 ಜಿಲ್ಲೆಗಳಲ್ಲಿ ರೈತರೇ ಮಳೆಯನ್ನೂ ಬಾವಿಯ ಮಟ್ಟವನ್ನೂ ಅಳೆದರು. ಅಂಕಿಗಳನ್ನು ಊರಿನ ಫಲಕದ ಮೇಲೆ ಬರೆದರು. ಹಿಂಗಾರಿಗೆ ಮುನ್ನ ಒಟ್ಟಾಗಿ ಕುಳಿತು, ಇರುವ ನೀರೆಷ್ಟು, ಬೇಕಾದದ್ದೆಷ್ಟು ಎಂದು ಲೆಕ್ಕ ಹಾಕಿದರು. ಯಾವ ಬೆಳೆ ಎಂಬ ತೀರ್ಮಾನ ರೈತರದೇ ಆಗಿತ್ತು. ಕರ್ನಾಟಕವೂ ಸೇರಿ 7 ರಾಜ್ಯಗಳಿಗೆಂದು 2019ರಲ್ಲಿ ಆರಂಭಿಸಿದ ಅಟಲ್ ಭೂಜಲ ಯೋಜನೆಯೂ ಗ್ರಾಮ ಪಂಚಾಯಿತಿ ಮಟ್ಟದ ಇಂತಹ ನೀರಿನ ಲೆಕ್ಕವನ್ನೇ ನೆಚ್ಚಿತ್ತು.

ಕಾನೂನೇ ನಮ್ಮನ್ನು ಕಾಯುತ್ತದೆ ಎಂದು ಸುಮ್ಮನಿರಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ವ್ಯಕ್ತಿಯ ಮಾಹಿತಿಗೆ ಸಂಬಂಧಿಸಿದ್ದು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದುವ ಅವಕಾಶವೂ ಅದರಲ್ಲಿದೆ. ಆದರೆ ಹೆಸರಿಲ್ಲದೆ ಒಟ್ಟುಗೂಡಿಸಿದ ಇಡೀ ಊರಿನ ನೀರಿನ ಲೆಕ್ಕ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಸಂಘವೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಒಪ್ಪಂದದಲ್ಲಿ ಈ ಅಂಶಗಳು ಇರಲೇಬೇಕು:

1. ಯಾವ ಯಾವ ಮಾಹಿತಿ, ಯಾವ ಕೆಲಸಕ್ಕೆ ಎಂಬ ಪಟ್ಟಿ. "ಇತ್ಯಾದಿ" ಎಂಬ ಪದಕ್ಕೆ ಅದರಲ್ಲಿ ಜಾಗ ಬೇಡ.

2. ರೈತರ ಹೆಸರು ಮತ್ತು ಸರ್ವೆ ನಂಬರು ಕಚೇರಿಯೊಳಗೇ ಇರತಕ್ಕದ್ದು. ಪ್ರಕಟಿಸುವುದಾದರೆ ಊರಿನ ಒಟ್ಟು ಲೆಕ್ಕ ಮಾತ್ರ.

3. ಕಂಪನಿಗಾಗಲಿ ಬೇರೆ ಸಂಸ್ಥೆಗಾಗಲಿ ಕೊಡುವ ಮುನ್ನ ಸಂಘದ ಲಿಖಿತ ಅನುಮತಿ.

4. ಫಲಿತಾಂಶವನ್ನು ಕನ್ನಡದಲ್ಲಿ, ಹಿಂಗಾರು ಬಿತ್ತನೆಗೆ ಮುನ್ನ, ಊರಿನ ಸಭೆಯಲ್ಲಿ ತಿಳಿಸುವ ಹೊಣೆ ಮತ್ತು ಅದರ ತಾರೀಖು.

5. ಒಪ್ಪಂದದ ಅವಧಿ, ಯೋಜನೆ ಮುಗಿದ ಮೇಲೆ ಮಾಹಿತಿ ಎಲ್ಲಿರುತ್ತದೆ ಎಂಬ ವಿವರ.

ಕಾಗದ ತಂದ ದಿನವೇ ರುಜು ಹಾಕಬೇಡಿ. ಸಭೆ ಕರೆದು ಎಲ್ಲರಿಗೂ ಕೇಳುವಂತೆ ಓದಿಸಿ, ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ನೀರು ಹಾಯಿಸುವ ಹೆಣ್ಣುಮಕ್ಕಳೂ ಗುತ್ತಿಗೆಗೆ ಭೂಮಿ ಮಾಡುವವರೂ ಆ ಸಭೆಯಲ್ಲಿರಲಿ. ಅಧಿಕಾರಿಗೆ ವರ್ಗವಾಗಬಹುದು, ಆದುದರಿಂದ ಒಪ್ಪಂದ ಕಚೇರಿಯ ಹೆಸರಿನಲ್ಲಿರಲಿ, ಮೊಹರು ಬೀಳಲಿ, ಒಂದು ಪ್ರತಿ ಸಂಘದಲ್ಲಿರಲಿ. ಅಳತೆಯ ಮೂಲ ಪುಸ್ತಕವನ್ನು ಮಾತ್ರ ಯಾರಿಗೂ ಕೊಡಬೇಡಿ, ನಕಲು ಕೊಡಿ.

ಇಲಾಖೆಯ ಕಷ್ಟವನ್ನೂ ಅರಿಯಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೊಡಬೇಕಾದುದನ್ನು ಅದು ಮುಚ್ಚಿಡಲಾರದು. ರಾಜ್ಯದ 2011ರ ಅಂತರ್ಜಲ ಕಾಯಿದೆಯಂತೆ ಅಧಿಸೂಚಿತ ಪ್ರದೇಶದ ಬಾವಿಗಳು ನೋಂದಣಿಯಾಗಲೇಬೇಕು. ಯಾವ ಒಪ್ಪಂದವೂ ಅದನ್ನು ತಪ್ಪಿಸದು. ಅಳತೆ ಕೊಟ್ಟರೆ ನಾಳೆ ನೋಟಿಸು ಬಂದೀತು ಎಂಬ ನಿಮ್ಮ ಅಂಜಿಕೆಗೆ ಕಾರಣವಿಲ್ಲದಿಲ್ಲ. ಆ ಪ್ರಶ್ನೆಯನ್ನು ಸಭೆಯಲ್ಲೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಅಧಿಕಾರಿಗಳು ಪರಿಶೀಲನೆಗೆ ಬಾವಿಯ ಜಾಗ ಕೇಳಿದರೆ ತೋರಿಸಿ. ತಾಲ್ಲೂಕಿನ ಒಟ್ಟು ಲೆಕ್ಕ ಪ್ರಕಟಿಸುತ್ತೇವೆಂದರೆ ಒಪ್ಪಿ. ಆದರೆ ಎರಡು ಮಾತು ಬಿಡಬೇಡಿ: ಅನುಮತಿಯಿಲ್ಲದೆ ಮೂರನೆಯವರಿಗೆ ಹೋಗಬಾರದು, ಫಲಿತಾಂಶ ಊರಿಗೆ ಮರಳಬೇಕು. ಈ ಎರಡಕ್ಕೂ ಒಪ್ಪದವರಿಗೆ, ಕಾನೂನಿನಂತೆ ಕೊಡಲೇಬೇಕಾದುದನ್ನು ಬಿಟ್ಟು ಬೇರೇನನ್ನೂ ಕೊಡುವ ಅಗತ್ಯವಿಲ್ಲ.

ಬೀಜೋತ್ಪಾದನೆಗೆ ಕರಾರು ಮಾಡಿಕೊಳ್ಳುವಾಗ ದರ, ತೇವಾಂಶ, ತಾರೀಖು ಎಲ್ಲವನ್ನೂ ನೋಡುವ ನೀವು, ಅಂಕಿಅಂಶ ಕೊಡುವಾಗಲೂ ಅಷ್ಟೇ ಎಚ್ಚರ ವಹಿಸಿರಿ. ಮುಂದಿನ ಬಾರಿ ನಮ್ಮವರೇ ಪುಸ್ತಕ ಹಿಡಿದು ನಿಮ್ಮ ಹೊಲಕ್ಕೆ ಬಂದರೆ, ಬರೆಸುವ ಮುನ್ನ "ಇದು ನಮಗೆ ಯಾವಾಗ ಹಿಂದಿರುಗುತ್ತದೆ?" ಎಂದು ಕೇಳಿರಿ. ಕೇಳಿದರೆ ನಮಗೆ ಬೇಸರವಿಲ್ಲ. ಅಂದು ಆ ಊರಿನವರು ಕೇಳಿದ್ದರೆ ನಾನೂ ಎಚ್ಚೆತ್ತುಕೊಳ್ಳುತ್ತಿದ್ದೆ.