ಕಸಬರಿಗಿಗೆ ಯಾವ ಮೀಡಿಯಂ?

ಗೋಕುಲ ರಸ್ತೆಯ ನಮ್ಮ ಓಣಿಯ ವಾಟ್ಸಾಪ್ ಗುಂಪಿನ್ಯಾಗ ಜಪಾನಿನ ಸಾಲಿಯ ಒಂದು ವಿಡಿಯೋ ವರ್ಷಕ್ಕ ನಾಕು ಸಲನಾದ್ರೂ ಬರ್ತೈತಿ. ಸಣ್ಣ ಹುಡುಗೂರು ಸಾಲಾಗಿ ಬಗ್ಗಿ ನೆಲ ಒರಸ್ತಿರ್ತಾವು. ಕೆಳಗ ಹತ್ತು ಮಂದಿ ಕೈ ಮುಗದಿರ್ತಾರ: "ಎಂಥಾ ಶಿಸ್ತು! ನಮ್ಮ ಹುಡುಗೂರಿಗೆ ಯಾವಾಗ ಬರ್ತೈತೋ?" ಬರೂದಿಲ್ರಿ. ನಾವ ಬರಗೊಡೂದಿಲ್ಲ. ಸಿಟ್ಟು ಬಂದ್ರ ಸಂಜೀಕ ಚಾಕ್ಕ ಬಂದು ಜಗಳಾಡ್ರಿ, ಆದ್ರ ಮೊದಲು ಪೂರ್ತಿ ಓದ್ರಿ.

ನಮ್ಮ ಅಕ್ಕನ ಮಗಳು ಅಲ್ಲಿ ಸರಕಾರಿ ಸಾಲ್ಯಾಗ ಇಂಗ್ಲಿಷ್ ಸಹಾಯಕ ಶಿಕ್ಷಕಿ. ಹೊರದೇಶದವರನ್ನ ಹಿಂಗ ಕರಸಿಕೊಳ್ಳೋ ಜೆಟ್ ಯೋಜನೆ 1987ರಿಂದ ನಡದೈತಿ. 2020ರಿಂದ ಐದನೇ, ಆರನೇ ಕ್ಲಾಸಿಗೆ ಇಂಗ್ಲಿಷ್ ಪೂರ್ತಿ ಒಂದು ವಿಷಯ ಆಗೈತಿ. ಪಾಠದ ಜವಾಬ್ದಾರಿ ಅಲ್ಲಿಯ ಶಿಕ್ಷಕರದ. ಈಕಿ ಬಾಜೂಕ ನಿಂತು ಉಚ್ಚಾರ ಹೇಳಿಕೊಡ್ತಾಳ, ಚೀಟಿ ಹಿಡಕೊಂಡು ಆಟ ಆಡಸ್ತಾಳ.

ಮಧ್ಯಾಹ್ನದ ಊಟ ಕ್ಲಾಸಿನ್ಯಾಗನ. ಬಿಳೇ ಟೊಪಗಿ, ಬಿಳೇ ಅಂಗಿ ತೊಟ್ಟ ಹುಡುಗೂರ ಪಾಳಿ ಪ್ರಕಾರ ಅನ್ನ, ಸಾರು ನೀಡ್ತಾರ. ಸಾರಿನ್ಯಾಗ ಮೀನಿನ ರಸ ಇರ್ತೈತಂತ ನಮ್ಮ ಹುಡುಗಿ ತನ್ನ ಡಬ್ಬಿ ಒಯ್ತಾಳ, ಆದ್ರ ಅವರ ಸಂಗಟನ ಕುಂತು ಉಣ್ತಾಳ. ಆಮ್ಯಾಲ ಹದಿನೈದಿಪ್ಪತ್ತು ನಿಮಿಷ 'ಸೋಜಿ', ಅಂದ್ರ ಸ್ವಚ್ಛ ಮಾಡೂದು. ಆಗ ಈಕಿ ಕೈಯಾಗೂ ಕಸಬರಿಗಿ. ಎಷ್ಟೋ ಸಾಲ್ಯಾಗ ಹುಡುಗೂರು ಪಾಯಖಾನಿನೂ ತೊಳೀತಾರ.

"ಜಪಾನಿನ ಸಾಲ್ಯಾಗ ಕೆಲಸದವರ ಇಲ್ಲ" ಅಂತ ಆ ವಿಡಿಯೋದಾಗ ಬರದಿರ್ತಾರಲ್ಲ, ಅದು ಸುಳ್ಳು. ಅಂಗಳ, ರಿಪೇರಿ ನೋಡಿಕೊಳ್ಳಾಕ ಪಗಾರದ ಸಿಬ್ಬಂದಿ ಇರ್ತಾರ, ಅವರಿಗೆ 'ಯೋಮುಯಿನ್' ಅಂತಾರ. ಹಂಗಾಗಿ ಹುಡುಗೂರಿಂದ ಒರಸೂದು ರೊಕ್ಕ ಉಳಸಾಕಲ್ಲ. ಅದೂ ಒಂದು ಪಾಠ. ಡಾಕ್ಟರ ಮಗನಿಗೂ ಪಾಳಿ, ರೈತನ ಮಗಳಿಗೂ ಪಾಳಿ.

ಈಗ ನಮ್ಮ ಕಡೆ ಬರ್ರಿ. ಸಾಲ್ಯಾಗ ಕಸಾ ಹೊಡಿಯಾಕ ಯಾರನ್ನ ಕರೀತಾರ? ಹೆಣ್ಣ ಹುಡುಗ್ಯಾರನ್ನ. ಅದಕ್ಕಿಂತ ಹೊಲಸ ಕೆಲಸ ಇದ್ರ? 2023ರ ಡಿಸೆಂಬರಿನ್ಯಾಗ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಸಾಲ್ಯಾಗ ದಲಿತ ಹುಡುಗೂರನ್ನ ಮಲದ ಗುಂಡಿಗೆ ಇಳಿಸಿದ್ದು ನಾಡೆಲ್ಲಾ ಸುದ್ದಿ ಆತು. ಅದು ಶಿಸ್ತಲ್ಲ, ಅಪರಾಧ. ಅಲ್ಲಿ ಪಾಳಿ ನೋಡ್ತಾರ, ಇಲ್ಲಿ ಜಾತಿ ನೋಡ್ತಾರ. ಇಂಥಾದ್ದರ ವಿರುದ್ಧ ತಾಯಂದಿರು ದನಿ ಎತ್ತಲೇಬೇಕು.

ಆದ್ರ ನಾವು ದನಿ ಎತ್ತೂದು ಯಾವುದಕ್ಕ? ಮಗ ತಾ ಕುಂತ ಬೆಂಚು ತಾನ ಒರಸಿದಾ ಅಂದ್ರ, "ಲಕ್ಷ ಫೀ ಕಟ್ಟೇವಿ, ಅರಿವಿ ಹಿಡಿಸಾಕಲ್ಲ" ಅಂತ ಸಾಲಿಗೆ ಓಡ್ತೀವಿ. ಅಡ್ಮಿಷನ್ ದಿನ ಮೊದಲ ಪ್ರಶ್ನೆ "ಯಾವ ಮೀಡಿಯಂ?" ಕಸಬರಿಗಿಗೆ ಮೀಡಿಯಂ ಇಲ್ರವ್ವಾ. ಕೇಳಬೇಕಾದ ಪ್ರಶ್ನೆ ಎರಡು: ಎಲ್ಲಾರಿಗೂ ಪಾಳಿ ಐತೇನು? ಮಾಸ್ತರರೂ ಕಸಬರಿಗಿ ಹಿಡೀತಾರೇನು? ಎರಡಕ್ಕೂ ಹೌದು ಅಂದ್ರ ಸುಮ್ಮನಿರ್ರಿ. ಅಲ್ಲಾ ಅಂದ್ರ ಜಗಳ ತಗೀರಿ, ನಾನೂ ಬರ್ತೀನಿ.

ಇನ್ನ ಮನೀದು. ಗಂಡಮಗ ಉಂಡ ತಾಟಿನ್ಯಾಗ ಕೈ ತೊಳಕೊಂಡು ಏಳ್ತಾನ. ತಂಗಿ ತಾಟು ಎತ್ತತಾಳ. ಕೆಲಸದಾಕಿ ಹತ್ತು ನಿಮಿಷ ತಡಾ ಮಾಡಿದ್ರ ನಾವು ಬಾಗಲದಾಗ ನಿಂತಿರ್ತೀವಿ; ಆಕಿ ಚಾದ ಕಪ್ಪು ಬ್ಯಾರೆ ಮೂಲ್ಯಾಗ. ಇದನ್ನ ದಿನಾ ನೋಡೋ ಹುಡುಗ ಕಲಿಯೂದೇನು? ಹೊಲಸು ಮಾಡೂದು ತನ್ನ ಕೆಲಸ, ತಗಿಯೂದು ಮಂದಿ ಕೆಲಸ ಅಂತ. "ಗಂಡಸರು ಕಸಬರಿಗಿ ಮುಟ್ಟಬಾರದು" ಅನ್ನೋ ಹಿರೇರು ಎಲ್ಲಾರ ಮನ್ಯಾಗೂ ಇದ್ದಾರ. ಅವರಿಗೆ ಇದ ವಿಡಿಯೋ ತೋರಸ್ರಿ, ಅಷ್ಟರಮಟ್ಟಿಗೆ ಅದು ಉಪಯೋಗ.

ನಮ್ಮ ಮನ್ಯಾಗ ಕ್ಯಾಲೆಂಡರಿನ ಮ್ಯಾಲ ಪಾಳಿ ಬರದೈತಿ. ಮಂಗಳವಾರ ನಮ್ಮ ಯಜಮಾನರದು. ಮುಂದಿನ ಸಲ ಗುಂಪಿನ್ಯಾಗ ಜಪಾನಿನ ವಿಡಿಯೋ ಹಾಕೋರು, ಅದರ ಸಂಗಟ ನಿಮ್ಮ ಮಗ ತಾನ ತೊಳದಿಟ್ಟ ತಾಟಿಂದೂ ಒಂದು ಫೋಟೋ ಹಾಕ್ರಿ.