ಕೇಳದ ಕಿವಿಯೊಡನೆ ಯುಗಳಗೀತೆಯೆ?

ತೀರಿಕೊಂಡ ಗಾಯಕರ ಕಂಠವನ್ನು ಕೃತಕ ಬುದ್ಧಿಮತ್ತೆಯ ಬಲದಿಂದ ಮತ್ತೆ ಹಾಡಿಸಬಹುದೆ ಎಂಬ ವಿವಾದವು 2024ರ ಆರಂಭದಲ್ಲಿ ದಕ್ಷಿಣ ಭಾರತದ ಚಿತ್ರರಂಗದಲ್ಲಿ ಎದ್ದಿತು. ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದ ಒಂದು ಹಾಡಿನಲ್ಲಿ ಎ.ಆರ್. ರೆಹಮಾನ್ ಅವರು, 2022ರಲ್ಲಿ ನಿಧನರಾದ ಬಂಬಾ ಬಾಕ್ಯ ಮತ್ತು ಅವರಿಗಿಂತ ಎರಡು ದಶಕಗಳಿಗೂ ಮೊದಲೇ ಅಗಲಿದ ಶಾಹುಲ್ ಹಮೀದ್ ಅವರ ಧ್ವನಿಗಳನ್ನು ಈ ರೀತಿಯಲ್ಲಿ ಮರಳಿಸಿದರು. ಕುಟುಂಬಗಳ ಸಮ್ಮತಿ ಪಡೆದು ಸಂಭಾವನೆಯನ್ನೂ ಸಲ್ಲಿಸಿರುವುದಾಗಿ ತಿಳಿಸಿದರು. ಹೆಚ್ಚುಕಡಿಮೆ ಅದೇ ಸಮಯದಲ್ಲಿ, ‘ಕೀಡಾ ಕೋಲಾ’ ಎಂಬ ತೆಲುಗು ಚಿತ್ರದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠವನ್ನು ಅನುಮತಿಯಿಲ್ಲದೆ ಸೃಷ್ಟಿಸಿ ಬಳಸಿದರೆಂದು ಅವರ ಮಗ ಎಸ್.ಪಿ. ಚರಣ್ ಅವರು ನೋಟೀಸು ಕಳುಹಿಸಿದುದು ಬಹಿರಂಗವಾಯಿತು. ಅಂದಿನಿಂದ ಚರ್ಚೆಯೆಲ್ಲವೂ ಅನುಮತಿ ಮತ್ತು ಹಣಗಳ ಸುತ್ತಲೇ ಸುತ್ತುತ್ತಿದೆ. ಒಬ್ಬರೇ ಹಾಡುವ ಗೀತೆಯ ವಿಷಯವನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಆದರೆ ಯುಗಳಗೀತೆಯಲ್ಲಿ ಗತಿಸಿದವರ ಕಂಠವನ್ನು ಬದುಕಿರುವವರ ಕಂಠಕ್ಕೆ ಜೋಡಿಸುವುದು, ಮನೆಮಂದಿಯೆಲ್ಲ ಒಪ್ಪಿ ಸಹಿ ಹಾಕಿಕೊಟ್ಟರೂ, ಆಗಕೂಡದ ಕೆಲಸವೆಂದು ನಾನು ಭಾವಿಸುತ್ತೇನೆ.

ಪಲ್ಲವಿ ಒಬ್ಬರಿಗೆ, ಚರಣ ಒಬ್ಬರಿಗೆ ಎಂದು ಸಾಲುಗಳನ್ನು ಹಂಚಿಕೊಟ್ಟ ಮಾತ್ರಕ್ಕೆ ಯುಗಳಗೀತೆ ಹುಟ್ಟುವುದಿಲ್ಲ. ಒಬ್ಬರು ಹಾಡುತ್ತಿರುವಾಗ ಮತ್ತೊಬ್ಬರು ಕೇಳುತ್ತಿರಬೇಕು. ಕೇಳಿದುದು ತಮ್ಮ ಸರದಿಯ ಮೊದಲ ಅಕ್ಷರದಲ್ಲಿಯೇ ಮೂಡಬೇಕು. ‘ನಕ್ಕರೆ ಅದೇ ಸ್ವರ್ಗ’ (1967) ಚಿತ್ರಕ್ಕಾಗಿ, ಎಂ. ರಂಗರಾವ್ ಅವರ ಸಂಗೀತ ನಿರ್ದೇಶನದಲ್ಲಿ, ಇಪ್ಪತ್ತರ ಆಸುಪಾಸಿನ ತರುಣ ಬಾಲಸುಬ್ರಹ್ಮಣ್ಯಂ ತಮ್ಮ ಮೊತ್ತಮೊದಲ ಕನ್ನಡ ಹಾಡನ್ನು ಹಾಡಿದಾಗ ಜೊತೆಗೂಡಿದ್ದವರು, ಆ ವೇಳೆಗಾಗಲೇ ದಕ್ಷಿಣದ ಮನೆಮನೆಗೂ ಪರಿಚಿತರಾಗಿದ್ದ ಪಿ. ಸುಶೀಲಾ. ವಾದ್ಯಗಳಿಗೊಂದು, ಕಂಠಕ್ಕೊಂದು ಎಂದು ಬೇರೆ ಬೇರೆ ಟ್ರ್ಯಾಕುಗಳು ನಮ್ಮಲ್ಲಿ ಇನ್ನೂ ಬಾರದಿದ್ದ, ಗಾಯಕರೂ ವಾದ್ಯವೃಂದವೂ ಒಟ್ಟಿಗೆ ಮುದ್ರಣಕ್ಕೆ ನಿಲ್ಲಬೇಕಾಗಿದ್ದ, ತಬಲಾದವರು ಒಂದು ಪೆಟ್ಟು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿದ್ದ ಕಾಲವದು. ಆ ಶಿಸ್ತಿನಲ್ಲಿ, ಉಸಿರನ್ನು ಎಲ್ಲಿ ಕದಿಯಬೇಕು, ಜೊತೆಯವರ ಸಂಗತಿಗೆ ಎಡೆಮಾಡಿಕೊಡಲು ತನ್ನ ದನಿಯನ್ನು ಎಷ್ಟು ತಗ್ಗಿಸಬೇಕು ಎಂಬುದನ್ನು ಹೊಸಬನು ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯುತ್ತಿದ್ದನು. ನಮ್ಮ ಚಿತ್ರಸಂಗೀತಕ್ಕೆ ಗುರುಕುಲವೆಂಬುದೊಂದು ಇದ್ದಿತಾದರೆ ಅದು ಆ ಮೈಕಿನ ಮುಂದಿನ ನಾಲ್ಕು ಅಡಿ ನೆಲವೇ.

ಈಗಲೂ ಇಬ್ಬರು ಕೂಡಿ ಹಾಡುತ್ತಾರೆಯೆ, ಟ್ರ್ಯಾಕ್ ಪದ್ಧತಿ ಬಂದು ಅವರನ್ನು ಅಗಲಿಸಿ ಎಷ್ಟೋ ಕಾಲವಾಗಲಿಲ್ಲವೆ ಎಂದು ಎದುರುಪಕ್ಷದವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಈಚೆಗೆ ಬೆಂಗಳೂರಿನ ಧ್ವನಿಮುದ್ರಣ ಕೊಠಡಿಯೊಂದರಲ್ಲಿ ಕುಳಿತಿದ್ದೆ. ಗಾಯಕ ಬೇರೆ ಊರಿನಲ್ಲಿ ಹಾಡಿ ಕಳುಹಿಸಿದ್ದ ಭಾಗವನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹುಡುಗಿಯೊಬ್ಬಳು ತನ್ನ ಚರಣವನ್ನು ಹಾಡುತ್ತಿದ್ದಳು. ಅವನು ಸಾಲಿನ ಕೊನೆಯಲ್ಲಿ ದನಿಯನ್ನು ಕೊಂಚ ನಡುಗಿಸಿ ಬಿಟ್ಟಿದ್ದ. ಮೂರನೆಯ ಟೇಕಿನಲ್ಲಿ, ಯಾರೂ ಹೇಳಿಕೊಡದೆಯೇ, ಅವಳು ತನ್ನ ಮೊದಲ ಪದವನ್ನು ಮೆತ್ತಗೆ ಎತ್ತಿಕೊಂಡಳು. ಕೊಠಡಿಯಲ್ಲಿದ್ದವರೆಲ್ಲ ತಲೆದೂಗಿದರು. ಹೊರಗೆ ಬಂದು ಅವಳು ಹೇಳಿದ ಮಾತು ಇಷ್ಟೇ: “ಸಾರ್, ನಂಗೆ ಅವರದು ಕೇಳಿಸ್ತು. ಅವರಿಗೆ ನಂದು ಕೇಳಿಸ್ಲಿಲ್ವಲ್ಲ.” ಟ್ರ್ಯಾಕ್ ಪದ್ಧತಿಯು ನಮ್ಮಿಂದ ಅರ್ಧವನ್ನು ಕಸಿದುಕೊಂಡಿತೆಂಬುದನ್ನು ನಾನು ಒಪ್ಪುತ್ತೇನೆ. ಅರ್ಧ ಹೋಯಿತೆಂದು ಉಳಿದರ್ಧವನ್ನೂ ಒಪ್ಪಿಸಿಬಿಡಬೇಕೆಂಬ ವಾದವನ್ನು ಮಾತ್ರ ಒಪ್ಪಲಾರೆ. ಆ ಗಾಯಕನಾದರೂ ತನ್ನ ಸಾಲಿನ ಬಳಿಕ ಒಬ್ಬಳು ಹಾಡುವಳೆಂದು ಬಲ್ಲನು, ಮನಸ್ಸು ಬಂದರೆ ಮರುದಿನ ಮತ್ತೊಮ್ಮೆ ಹಾಡಿ ಕಳುಹಿಸಬಲ್ಲನು.

ಗತಿಸಿದವರಿಗೆ ಆ ಸಾಧ್ಯತೆ ಎಲ್ಲಿದೆ? 2012ರ ತಿದ್ದುಪಡಿಯಿಂದ ಗಾಯಕರಿಗೆ ರಾಯಧನದ ಹಕ್ಕನ್ನು ಗಟ್ಟಿಮಾಡಿಕೊಟ್ಟ ನಮ್ಮ ಕೃತಿಸ್ವಾಮ್ಯ ಕಾಯಿದೆಯು ರಕ್ಷಿಸುವುದು ಹಾಡಿದ ಹಾಡನ್ನು. ಹಾಡಲೇ ಇಲ್ಲದ ಹಾಡಿಗೆ ವಾರಸುದಾರರು ಯಾವ ಅಧಿಕಾರದಿಂದ ಒಪ್ಪಿಗೆ ಕೊಡಬಲ್ಲರು? ತಂದೆಯ ಮನೆ, ಹೊಲ, ಹಳೆಯ ಧ್ವನಿಮುದ್ರಿಕೆಗಳ ಆದಾಯ ಮಕ್ಕಳಿಗೆ ಸಲ್ಲತಕ್ಕದ್ದೇ. ಆದರೆ ಈ ಸಾಹಿತ್ಯವನ್ನು ಹಾಡಲೊಲ್ಲೆ, ಈ ಶ್ರುತಿ ನನಗೆ ಹೊಂದದು, ಇವರೊಡನೆ ಇನ್ನೊಂದು ಟೇಕ್ ಬೇಕು ಎನ್ನುವ ಕಲಾವಿದನ ವಿವೇಕವು ಉಯಿಲಿನಲ್ಲಿ ಬರೆದಿಡಬಹುದಾದ ಆಸ್ತಿಯಲ್ಲ.

ಅಭಿಮಾನಿಗಳ ಹಂಬಲ ನನಗೆ ತಿಳಿಯದುದಲ್ಲ. 2020ರ ಸೆಪ್ಟೆಂಬರಿನಲ್ಲಿ ಬಾಲಸುಬ್ರಹ್ಮಣ್ಯಂ ಅಗಲಿದ ದಿನ ನಮ್ಮ ಮನೆಯ ರೇಡಿಯೋ ರಾತ್ರಿಯವರೆಗೆ ಆರಲಿಲ್ಲ. ಆದರೆ ಅವರು ಕೂಡಿ ಹಾಡಿದ ಯುಗಳಗೀತೆಗಳು ನಮ್ಮೊಡನೆ ಇದ್ದೇ ಇವೆ. ಅವುಗಳ ಪಕ್ಕದಲ್ಲಿ ಅವರು ಕಾಣದ ಸಹಗಾಯಕಿಯೊಡನೆ, ಅವರು ಕೇಳದ ರಾಗದಲ್ಲಿ, ಅವರ ಹೆಸರಿನಿಂದ ಹೊಸತೊಂದನ್ನು ನಿಲ್ಲಿಸುವುದು ಆ ಪ್ರೀತಿಗೆ ಒಪ್ಪುವಂತಹುದಲ್ಲ. ಇದರ ನಷ್ಟವನ್ನು ಮೊದಲು ಉಣ್ಣುವವರು ಇಂದಿನ ಹೊಸಬರು. 1967ರಲ್ಲಿ ರಂಗರಾವ್ ಅವರ ಕೈಯಲ್ಲಿ ಈ ಯಂತ್ರವಿದ್ದು, ಆಗಲೇ ಗತಿಸಿದ್ದ ಯಾರದೋ ಜನಪ್ರಿಯ ಕಂಠವನ್ನು ಅವರು ಬಯಸಿದ್ದರೆ, ಸುಶೀಲಾ ಅವರ ಪಕ್ಕದಲ್ಲಿ ಆ ತರುಣನಿಗೆ ಸ್ಥಳವಿರುತ್ತಿತ್ತೆ? ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ನಮ್ಮ ಸಂಗೀತ ನಿರ್ದೇಶಕರೂ, ಇಂತಹ ಹಾಡು ಕನ್ನಡದಲ್ಲಿ ಬೇರೂರುವ ಮುನ್ನವೇ, ಯುಗಳಗೀತೆಗೆ ಬದುಕಿರುವ ಇಬ್ಬರು ಗಾಯಕರೇ ಬೇಕೆಂಬ ನಿಯಮವನ್ನು ಲಿಖಿತವಾಗಿ ಮಾಡಿಕೊಳ್ಳಲಿ. ಸಾಧ್ಯವಾದಲ್ಲಿ ಅವರಿಬ್ಬರನ್ನೂ ಒಂದೇ ದಿನ ಒಂದೇ ಕೊಠಡಿಗೆ ಕರೆಯಿಸಲಿ.