ಗ್ರಾಮಸಭೆಯ ಹೊರಗೇ ಉಳಿದ ಆನೆ

ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದ ಹೆಸರು ನಾಡಿಗೆಲ್ಲ ಕೇಳಿಸಿದ್ದು 2023ರ ಡಿಸೆಂಬರ್ 4ರಂದು. ಎಂಟು ಸಲ ಮೈಸೂರು ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ, ಕಾಡಾನೆ ಸೆರೆ ಕಾರ್ಯಾಚರಣೆಗೆ ಬಂದು, ಸಲಗದೊಂದಿಗೆ ಸೆಣಸಿ ಇಲ್ಲೇ ಪ್ರಾಣ ಬಿಟ್ಟ. ಅವನನ್ನು ಎಲ್ಲಿ ಮಣ್ಣು ಮಾಡಬೇಕು, ಸ್ಮಾರಕ ಎಲ್ಲಿ ಆಗಬೇಕು ಎಂದು ದೊಡ್ಡ ಜಗಳವೇ ನಡೆಯಿತು. ಅರ್ಜುನನನ್ನು ಇಲ್ಲಿಗೆ ಕರೆಸಬೇಕಾದ ಸ್ಥಿತಿ ಬಂದದ್ದು ಹೇಗೆ, ಅದರ ಬಗ್ಗೆ ಊರಿನವರನ್ನು ಯಾರಾದರೂ ಕೂರಿಸಿಕೊಂಡು ಕೇಳಿದ್ದಾರೆಯೇ ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿಯಿತು.

ನನ್ನ ತಕರಾರು ಇರುವುದು ಇಲ್ಲೇ. ಆಲೂರು, ಸಕಲೇಶಪುರದ ಈ ಸೀಮೆಯಲ್ಲಿ ಕಾಡಾನೆ ಬರೀ ಅರಣ್ಯ ಇಲಾಖೆಯ ವಿಷಯವಲ್ಲ. ಮಕ್ಕಳು ಶಾಲೆಗೆ ಹೋಗುವ ದಾರಿ, ಗದ್ದೆಯ ಭತ್ತ, ಕಾಫಿ ಕೊಯ್ಲಿನ ಕೂಲಿ ಎಲ್ಲವನ್ನೂ ಅದು ತಟ್ಟುತ್ತದೆ. ಹೀಗಿದ್ದೂ ಪಂಚಾಯಿತಿಯ ವಾರ್ಷಿಕ ಕ್ರಿಯಾಯೋಜನೆ ಒಂದು ಕಡೆ, ಅರಣ್ಯ ಇಲಾಖೆಯ ಕಂದಕ, ಸೋಲಾರ್ ಬೇಲಿ, ರೈಲ್ವೆ ಹಳಿಯ ತಡೆಗೋಡೆಗಳ ಯೋಜನೆ ಇನ್ನೊಂದು ಕಡೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಆನೆಯ ಮಾತೆತ್ತಿದವರಿಗೆ ಸಿಗುವ ಉತ್ತರ ಒಂದೇ: ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.’ ಆಮೇಲೆ ಫಲಾನುಭವಿಗಳ ಪಟ್ಟಿ ಓದಿ, ನಡಾವಳಿ ಪುಸ್ತಕ ಕೈಯಿಂದ ಕೈಗೆ ದಾಟಿಸಿ ಸಹಿ ಹಾಕಿಸಿಕೊಂಡರೆ ಸಭೆ ಮುಗಿಯಿತು.

ವ್ಯಾಪ್ತಿಗೆ ಬರುವುದಿಲ್ಲವೇ? ಬೆಳಕು ಹರಿಯುವ ಮುಂಚೆ, ಮಂಜಿನಲ್ಲಿ, ತೋಟದ ಕೂಲಿಯವರ ಲೈನ್ ಮನೆಯಿಂದ ಹೊರಗೆ ಹೋಗುವ ಹೆಣ್ಣುಮಗಳನ್ನು ನೆನೆಯಿರಿ. ಕಾಫಿ ಗಿಡಗಳ ಸಾಲಿನಲ್ಲಿ ಆನೆ ನಿಂತಿದ್ದರೆ ಹತ್ತಡಿ ದೂರಕ್ಕೂ ಕಾಣದು. ಆ ದಾರಿಗೊಂದು ದೀಪ, ಮನೆಗೆ ಅಂಟಿಕೊಂಡೇ ಒಂದು ಶೌಚಾಲಯ, ರಸ್ತೆ ಬದಿಯ ಪೊದೆ ಕಡಿಯುವ ಕೆಲಸ ಇವೆಲ್ಲ ಜೀವ ಉಳಿಸುವ ಕಾಮಗಾರಿಗಳೇ. ತೋಟದ ಒಳಗಿನದು ಮಾಲೀಕರ ಹೊಣೆ, ನಿಜ. ಆದರೆ ಅದನ್ನು ಕೇಳಿ ಮಾಡಿಸುವ ಬಾಯಿ ಪಂಚಾಯಿತಿಗೆ ಇರಬೇಕಲ್ಲ! ಹಣಕ್ಕೆ ದಾರಿ ಇರಲಿಲ್ಲ ಎನ್ನುವಂತೆಯೂ ಇಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ್ದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40 ಊರಿನ ಅಗತ್ಯಕ್ಕೆ ಬಿಟ್ಟದ್ದಾಗಿತ್ತು. ಆ ಅಗತ್ಯ ಏನೆಂದು ಊರಿನವರಲ್ಲದೆ ಬೇರೆ ಯಾರು ಹೇಳಬೇಕು?

ಇನ್ನೊಂದು ಅನ್ಯಾಯದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕಾನೂನಿನ ಪ್ರಕಾರ ಗ್ರಾಮಸಭೆಯ ಸದಸ್ಯರೆಂದರೆ ಊರಿನ ಮತದಾರರು. ಇವತ್ತು ನಮ್ಮ ತೋಟಗಳಲ್ಲಿ ದುಡಿಯುವವರಲ್ಲಿ ಅಸ್ಸಾಂ ಕಡೆಯಿಂದ ಬಂದವರು ಬಹಳ ಮಂದಿ. ಅವರ ವೋಟು ಇಲ್ಲಿಲ್ಲ, ಹಾಗಾಗಿ ಸಭೆಯಲ್ಲಿ ಜಾಗವೂ ಇಲ್ಲ. ಆನೆಗೆ ಮೊದಲು ಎದುರಾಗುವವರೇ ಯೋಜನೆಯ ಲೆಕ್ಕದಿಂದ ಹೊರಗೆ.

‘ಜನರನ್ನು ಕೇಳಿದರೆ ಆನೆಗಳನ್ನೆಲ್ಲ ಹಿಡಿದು ಸಾಗಿಸಿ ಅಂತಾರೆ’ ಎಂದು ತಜ್ಞರ ಪರ ವಾದಿಸುವವರಿದ್ದಾರೆ. ಆದರೆ ಹೈಕೋರ್ಟ್ ಸೂಚನೆಯಂತೆ ರಚನೆಯಾದ, ಆನೆ ತಜ್ಞ ರಾಮನ್ ಸುಕುಮಾರ್ ನೇತೃತ್ವದ ಆನೆ ಕಾರ್ಯಪಡೆಯೇ 2012ರಲ್ಲಿ ಈ ಭಾಗದಿಂದ ಆನೆಗಳನ್ನು ತೆರವುಗೊಳಿಸಲು ಹೇಳಿತ್ತು. ಆಮೇಲೆ 22 ಆನೆಗಳನ್ನು ಹಿಡಿದದ್ದೂ ಆಯಿತು. ಹಾವಳಿ ನಿಂತಿತೇ? ಆನೆ ಯಾವ ಹಳ್ಳ ದಾಟುತ್ತದೆ, ಯಾವ ತೋಟದಲ್ಲಿ ಹಗಲು ತಂಗುತ್ತದೆ ಎಂಬ ಊರಿನವರ ತಿಳಿವಳಿಕೆ ಸೇರದೆ ತೋಡಿದ ಕಂದಕ ನಾಲ್ಕು ಮಳೆಗೆ ಹೂತುಹೋಗುತ್ತದೆ.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿಷಯದಲ್ಲೂ ಆದದ್ದು ಇದೇ. ವಲಯ ಗುರುತಿಸುವ ಮುನ್ನ ಗ್ರಾಮಸಭೆಗಳ ಮಾತು ಕೇಳಿ ಎಂದು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಹೇಳಿತ್ತು. 2014ರಿಂದ 2024ರವರೆಗೆ ಕೇಂದ್ರ ಆರು ಸಲ ಕರಡು ಅಧಿಸೂಚನೆ ಹೊರಡಿಸಿ ಪ್ರತಿ ಸಲ 60 ದಿನ ಆಕ್ಷೇಪಣೆಗೆ ಬಿಟ್ಟಿತು. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ತಿರಸ್ಕರಿಸಿತು. ಹೊರಡಿಸುವವರಿಗೂ ತಿರಸ್ಕರಿಸುವವರಿಗೂ ಹಳ್ಳಿಯಲ್ಲಿ ಕೂತು ಮಾತಾಡುವ ವ್ಯವಧಾನ ಇರಲಿಲ್ಲ.

ಆನೆ ಓಡಾಡುವ ಪಂಚಾಯಿತಿಗಳಲ್ಲಿ ವಲಯ ಅರಣ್ಯಾಧಿಕಾರಿ ನಕ್ಷೆ ಹಿಡಿದು ಗ್ರಾಮಸಭೆಗೆ ಬರಲಿ, ಅದೂ ಅಂದಾಜುಪಟ್ಟಿ ತಯಾರಾಗುವ ಮೊದಲೇ. ಸಭೆ ಕೂಲಿಯವರ ರಜೆಯ ದಿನ ಸೇರಲಿ. ವೋಟಿಲ್ಲದ ಕಾರ್ಮಿಕರ ಮಾತನ್ನೂ ಬರೆದುಕೊಳ್ಳಲಿ. ಯಸಳೂರಿನ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ಆನೆಯ ವಿಷಯದ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ. ಅಲ್ಲಿಯವರೆಗೆ ಸಹಿ ಹಾಕಬೇಡಿ.